ಮಳೆಯ ರಜೆಯಲ್ಲಿ ಮನೆಮಂದಿಯೊಂದಿಗೆ ಬೇಲಂ ಗುಹೆಗೆ

ಗಣೇಶನ ಹಬ್ಬಕ್ಕೋ ದಸರೆಗೋ ಸಿಕ್ಕ ರಜೆಯಲ್ಲಿ ಮಳೆ ಹಿಡಿದು ಕೂತರೆ, ಗುಹೆ ನೋಡುವ ಆಸೆಯಿರುವ ಬೆಂಗಳೂರಿಗರಿಗೆ ಮೊದಲು ನೆನಪಾಗುವುದು ಕೋಲಾರದ ಅಂತರಗಂಗೆ. ಆದರೆ ಅಲ್ಲಿರುವವು ಒಂದಕ್ಕೊಂದು ಒರಗಿ ನಿಂತ ಬಂಡೆಗಳ ನಡುವಿನ ಸಂದುಗಳು. ಒದ್ದೆಯಾದ ಬಂಡೆಗಳ ಮೇಲೆ ಮಕ್ಕಳನ್ನೂ ಹಿರಿಯರನ್ನೂ ಹತ್ತಿಸುವುದು ಜಾಣತನವಲ್ಲ. ಮಳೆಯ ದಿನಗಳಿಗೆ ಹೊಂದುವುದು ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ಬೇಲಂ. ಅದು ನೆಲದಡಿಯಲ್ಲಿ 3,229 ಮೀಟರ್ ಉದ್ದಕ್ಕೆ ಹಬ್ಬಿರುವ ಸುಣ್ಣಕಲ್ಲಿನ ಗುಹೆ. ಪ್ರವಾಸಿಗರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್.

ಹೊರಡುವ ಮುನ್ನ ಮಕ್ಕಳಿಗೆ ಅಡುಗೆಮನೆಯಲ್ಲೇ ಒಂದು ಪಾಠ ಮಾಡಬಹುದು. ನಮ್ಮ ಹಳೆಯ ಮನೆಗಳ ಕಟ್ಟೆಗೂ ಅಟ್ಟಕ್ಕೂ ಹಾಕಿರುವ ಕಡಪ ಕಲ್ಲು ಅದೇ ಸೀಮೆಯಿಂದ ಬರುವ ಸುಣ್ಣಕಲ್ಲು. ಅದರ ಮೇಲೆ ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಕಲೆ ಉಳಿಯುತ್ತದೆ, ಏಕೆಂದರೆ ಹುಳಿಯು ಕಲ್ಲನ್ನು ಕರಗಿಸುತ್ತದೆ. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಇದೇ ರೀತಿ ಅತಿ ಸೌಮ್ಯವಾದ ಆಮ್ಲವಾಗಿ, ಲಕ್ಷಾಂತರ ವರ್ಷ ಬಿರುಕುಗಳಲ್ಲಿ ಇಳಿದಿಳಿದು ಈ ಸುರಂಗಗಳನ್ನು ಕೊರೆದಿದೆ. ಇಷ್ಟು ಗೊತ್ತಿದ್ದು ಒಳಗಿಳಿದ ಮಗುವಿಗೆ ನಯವಾಗಿ ಬಾಗಿದ ಗೋಡೆಗಳೇ ಮಿಕ್ಕ ಕಥೆಯನ್ನು ಹೇಳುತ್ತವೆ.

ಬಾಗೇಪಲ್ಲಿ, ಅನಂತಪುರ, ತಾಡಿಪತ್ರಿಯ ಮಾರ್ಗವಾಗಿ ಐದಾರು ಗಂಟೆಯ ದಾರಿ; ತಾಡಿಪತ್ರಿಯಿಂದ ಮುಂದಕ್ಕೆ 30 ಕಿಲೋಮೀಟರ್. ಬೆಳಗಿನ ಐದಕ್ಕೇ ಹೆಬ್ಬಾಳ ದಾಟಿಬಿಡುವುದು ಒಳ್ಳೆಯದು. ಬುತ್ತಿಗೆ ಪುಳಿಯೋಗರೆ, ಮೊಸರನ್ನ ಸಾಕು. ಆದರೆ ಗುಹೆಗೆ ಇಳಿಯುವ ಮುನ್ನ ಹೊಟ್ಟೆ ಬಿರಿಯುವಂತೆ ಉಣ್ಣುವುದು ಬೇಡ.

ಗುಹೆ ಎಂದರೆ ತಂಪು ಎಂದು ಭಾವಿಸಿ ಸ್ವೆಟರ್ ಹೊತ್ತು ತರುವವರು ಬಹಳ ಮಂದಿ. ಬೇಲಂನ ಒಳಗೆ ಸೆಕೆಯೂ ತೇವವೂ ಹೆಚ್ಚು. ಕೊಳವೆಗಳ ಮೂಲಕ ಹೊರಗಿನ ಗಾಳಿಯನ್ನು ಒಳಗೆ ಹಾಯಿಸುವ ವ್ಯವಸ್ಥೆಯಿದ್ದರೂ ಹತ್ತು ನಿಮಿಷದಲ್ಲಿ ಬೆವರು ಇಳಿಯತೊಡಗುತ್ತದೆ. ಆದುದರಿಂದ ತೆಳುವಾದ ಹತ್ತಿಯ ಉಡುಪು ತೊಟ್ಟು, ಒಣ ಬಟ್ಟೆ, ಟವೆಲುಗಳನ್ನು ಕಾರಿನಲ್ಲೇ ಇಟ್ಟಿರಬೇಕು. ಸೀರೆಗಿಂತ ಚೂಡಿದಾರ ಮೇಲು. ಹೊಸ ಚಪ್ಪಲಿಯ ಮೋಹ ಬಿಟ್ಟು, ಅಡಿಭಾಗದಲ್ಲಿ ಹಿಡಿತವಿರುವ ಹಳೆಯ ಶೂ ಧರಿಸಬೇಕು. ದೀಪಗಳಿದ್ದರೂ ಇಬ್ಬರಿಗೊಂದರಂತೆ ಟಾರ್ಚ್ ಇರಲಿ. ಮೊಬೈಲಿನ ಬೆಳಕನ್ನೇ ನಂಬಿದರೆ, ಫೋಟೋ ತೆಗೆದು ತೆಗೆದು ಬ್ಯಾಟರಿ ಮುಗಿದ ಮೇಲೆ ಕತ್ತಲೆಯೇ ಗತಿ.

ಯಾರು ಎಲ್ಲಿಯವರೆಗೆ ಹೋಗಬೇಕೆಂಬುದನ್ನು ಮೇಲೆಯೇ ತೀರ್ಮಾನಿಸಿಕೊಳ್ಳಬೇಕು, ಏಕೆಂದರೆ ಒಳಗಿಳಿದ ಮೇಲೆ ಉತ್ಸಾಹದಲ್ಲಿ ಯಾರೂ ಹಿಂದೆ ಉಳಿಯಲು ಒಪ್ಪುವುದಿಲ್ಲ. ಬಾವಿಯಂತಹ ಕುಳಿಯೊಂದರಿಂದ ಮೆಟ್ಟಿಲಿಳಿದ ಮೇಲೆ ಮೊದಲ ಹಾದಿಗಳು ಅಗಲವಾಗಿದ್ದು, ಅಜ್ಜ ಅಜ್ಜಿಯರೂ ನಿಧಾನವಾಗಿ ನಡೆಯಬಹುದು. ಪ್ರವೇಶದ್ವಾರದಿಂದ 46 ಮೀಟರ್ ಕೆಳಗಿರುವ, ಗುಹೆಯ ಅತ್ಯಂತ ಆಳದ ತಾಣವಾದ ಪಾತಾಳಗಂಗೆಯ ಕಡೆಗೆ ಹೋಗುವಾಗ ಮಾತ್ರ ದಾರಿ ಕಿರಿದಾಗುತ್ತದೆ, ತಲೆ ಬಗ್ಗಿಸಬೇಕಾಗುತ್ತದೆ. ಉಬ್ಬಸವಿರುವವರು, ಹೃದಯದ ತೊಂದರೆಯಿರುವವರು, ಇಕ್ಕಟ್ಟಿಗೆ ಹೆದರುವವರು ಅತ್ತ ಹೋಗದಿರುವುದೇ ಲೇಸು. ಭಾರಿ ಮಳೆಯ ಬೆನ್ನಲ್ಲೇ ಹೋಗುವವರು ಕೆಳಭಾಗದಲ್ಲಿ ನೀರು ಏರಿದೆಯೇ ಎಂದು ಅಲ್ಲಿನ ಸಿಬ್ಬಂದಿಯನ್ನು ಮೊದಲೇ ಕೇಳಬೇಕು; ಅವರು ಬೇಡವೆಂದರೆ ವಾದಿಸಬಾರದು.

ಮಕ್ಕಳಿಗೆ ಬಹಳ ಹಿಡಿಸುವುದು ಸಪ್ತಸ್ವರಗಳ ಕೋಣೆ. ಅಲ್ಲಿ ಛಾವಣಿಯಿಂದ ಇಳಿಬಿದ್ದ ಕಲ್ಲುಗಳನ್ನು ಬಡಿದರೆ ನಾದ ಹೊಮ್ಮುತ್ತದೆ. ಬಡಿಯಲು ಕೈ ತುರಿಸಿದರೂ ತಡೆಯಬೇಕು. ಹನಿ ಹನಿಯಾಗಿ ಸುಣ್ಣ ಕೂಡಿ ಬೆಳೆದ ಕಲ್ಲು ಮುರಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮತ್ತೆ ಬೆಳೆಯುವುದಿಲ್ಲ. ಬರಿಗೈಯಿಂದ ಸವರಿದರೂ ಚರ್ಮದ ಜಿಡ್ಡು ಅಂಟಿ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ಗುಹೆಯಲ್ಲಿ ಗೆಬಾವರ್ ಹೆಸರಿನ ಸಭಾಂಗಣವೂ ಇದೆ. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಹೆಯನ್ನು ದಾಖಲಿಸಿದ ಸುಮಾರು ನೂರು ವರ್ಷದ ತರುವಾಯ, 1982–83ರಲ್ಲಿ, ಇದನ್ನು ಅಳೆದು ನಕ್ಷೆ ಬರೆದ ತಂಡದ ನಾಯಕ, ಜರ್ಮನಿಯ ಡೇನಿಯಲ್ ಗೆಬಾವರ್ ಅವರ ನೆನಪಿಗೆ ಆ ಹೆಸರು ಬಂದಿದೆ.

ಪ್ರತಿ ಕವಲಿನಲ್ಲೂ ತಲೆಗಳನ್ನು ಎಣಿಸಿಕೊಂಡು ಮುಂದೆ ಸಾಗಬೇಕು. ಒಳಗೆ ಫೋನ್ ಸಿಗುತ್ತದೆಂದು ನಂಬಬಾರದು. ಮೇಲೆ ಬಂದೊಡನೆ ಬಟ್ಟೆ ಬದಲಿಸಿ, ಮಳೆಯ ಕತ್ತಲಲ್ಲಿ ಬೆಂಗಳೂರಿನವರೆಗೆ ಕಾರು ಓಡಿಸುವ ಬದಲು ರಾತ್ರಿ ತಾಡಿಪತ್ರಿಯಲ್ಲಿ ತಂಗಬಹುದು. ಬೆಳಿಗ್ಗೆ ಪೆನ್ನಾ ನದಿಯ ದಡದ ಬುಗ್ಗ ರಾಮಲಿಂಗೇಶ್ವರ ದೇವಾಲಯದಲ್ಲಿ ವಿಜಯನಗರ ಕಾಲದ ಕೆತ್ತನೆಗಳನ್ನು ನೋಡಿಕೊಂಡು ಹೊರಟರೆ, ಮಧ್ಯಾಹ್ನದ ಊಟದ ಹೊತ್ತಿಗೆ ಊರು ಸೇರಬಹುದು.