ರಾತ್ರಿ ಎಂಟರ ಪ್ರಾರ್ಥನೆ

2021ರ ಏಪ್ರಿಲ್ ಕೊನೆಯ ವಾರ. ಕೊರೊನಾದ ಎರಡನೇ ಅಲೆಗೆ ಉಡುಪಿಯ ನಮ್ಮ ಕ್ರೈಸ್ತ ದೇವಾಲಯದ ಬಾಗಿಲು ಮತ್ತೆ ಮುಚ್ಚಿತ್ತು. ಸ್ತ್ರೀ ಸಂಘದ ನಾವು ಐದು ಮಂದಿ ದಿನಾ ಸಂಜೆ ಫೋನಿನಲ್ಲಿ ಕಾನ್ಫರೆನ್ಸ್ ಕಾಲ್ ಮಾಡಿ ಪ್ರಾರ್ಥಿಸುತ್ತಿದ್ದೆವು. ವಿಡಿಯೊ ಕರೆ ನಮ್ಮ ಹಿರಿಯರಿಗೆ ಒಗ್ಗಲಿಲ್ಲ.

"ಕರ್ತನೇ, ಡಾಕ್ಟರರನ್ನೂ ದಾದಿಯರನ್ನೂ ನಿನ್ನ ರೆಕ್ಕೆಗಳ ಮರೆಯಲ್ಲಿ ಕಾಪಾಡು" ಎಂದು ನಾನು ದಿನವೂ ಅದೇ ಮಾತು ಹೇಳುತ್ತಿದ್ದೆ. ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಹೇಳಿ ಹೇಳಿ ಅದು ನಾಲಿಗೆಗೆ ರೂಢಿಯಾಗಿಬಿಟ್ಟಿತು. ಯಾರಿಗಾಗಿ ಬೇಡುತ್ತಿದ್ದೇನೋ ಅವರ ಮುಖವೇ ಕಣ್ಣೆದುರು ಬರುತ್ತಿರಲಿಲ್ಲ.

ನಮ್ಮ ಸಭೆಯ ಹುಡುಗಿಯೊಬ್ಬಳು ಕೋವಿಡ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ನನ್ನ ಕ್ಲಾಸಿನಲ್ಲಿದ್ದಳು. ಒಂದು ಮಧ್ಯಾಹ್ನ ಫೋನ್ ಮಾಡಿ, "ನಿನಗಾಗಿ ಏನಂತ ಪ್ರಾರ್ಥನೆ ಮಾಡ್ಲಿ ಮಗಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆಂಟಿ, ಡ್ಯೂಟಿ ಮುಗಿಸಿ ಬಂದ ಮೇಲೆ ನಿದ್ದೆ ಬರ್ಲಿ ಅಂತ ಕೇಳಿ. ಕಣ್ಣು ಮುಚ್ಚಿದ್ರೆ ಮಾನಿಟರಿನ ಬೀಪ್ ಬೀಪ್ ಕೇಳ್ತದೆ. ಮತ್ತೆ, ನಮ್ಮನ್ನು ಯೋಧರು, ವೀರರು ಅಂತೆಲ್ಲ ಹೇಳ್ಬೇಡಿ. ಹಾಗೆ ಹೇಳಿದ್ರೆ, ನನಗೆ ಹೆದರಿಕೆ ಆಗ್ತದೆ ಅಂತ ಯಾರ ಹತ್ರ ಹೇಳುದು?"

ಆ ರಾತ್ರಿ ಸತ್ಯವೇದ (ಬೈಬಲ್) ತೆರೆದು ಪ್ರವಾದಿ ಎಲೀಯನ ಕಥೆ ಓದಿದೆ. 1 ಅರಸುಗಳು 19ನೇ ಅಧ್ಯಾಯ. ದಣಿದು, ಸಾವನ್ನೇ ಬಯಸಿ ಗಿಡದ ಕೆಳಗೆ ಮಲಗಿದವನಿಗೆ ದೇವದೂತನು ಬೋಧನೆ ಮಾಡಲಿಲ್ಲ. ಬಿಸಿ ರೊಟ್ಟಿ, ತಂಬಿಗೆ ನೀರು ಇಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಿದ ಮೇಲೆ ಇನ್ನೊಮ್ಮೆ ಎಬ್ಬಿಸಿ ಉಣಿಸಿದ. ದೇವರು ಅವನೊಡನೆ ಮಾತಾಡಿದ್ದು ಎಷ್ಟೋ ದಿನಗಳ ನಂತರ, ಹೋರೇಬ್ ಬೆಟ್ಟದಲ್ಲಿ. ಎಷ್ಟು ಸಲ ಓದಿದ ಭಾಗ ಅದು! ಊಟ ಮತ್ತು ನಿದ್ದೆಯನ್ನು ಬೇಡುವುದು ಸಣ್ಣ ಪ್ರಾರ್ಥನೆಯಲ್ಲ ಎಂದು ನನಗೆ ತಿಳಿದದ್ದು ಆಗಲೇ.

ಮರುದಿನದಿಂದ ಒಂದು ನೋಟ್‌ಬುಕ್ ಇಟ್ಟೆವು. ಗೊತ್ತಿದ್ದ ಆರೋಗ್ಯ ಕಾರ್ಯಕರ್ತರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳಿದೆವು. ನಮ್ಮವರು ಮಾತ್ರ ಎಂದಿಲ್ಲ, ಯಾವ ಜಾತಿ ಮತದವರಾದರೂ ಸರಿ, ಅವರು ಒಪ್ಪಿದರೆ ಸಾಕು. ಹೆಸರಿನ ಮೊದಲ ಅಕ್ಷರ, ಅದರ ಮುಂದೆ ಅವರೇ ಹೇಳಿದ ಬೇಡಿಕೆ. ಆ್ಯಂಬುಲೆನ್ಸ್ ಡ್ರೈವರ್ ಒಬ್ಬರು, "ಗಾಡಿಯಲ್ಲಿರುವಾಗಲೇ ಯಾರೂ ತೀರಿಕೊಳ್ಳಬಾರದು, ಅಷ್ಟೇ" ಎಂದರು. ಆಶಾ ಕಾರ್ಯಕರ್ತೆಯೊಬ್ಬರನ್ನು ಕ್ವಾರಂಟೈನ್ ಮನೆಗಳ ಗೇಟಿನಿಂದಲೇ ಬೈದು ಕಳಿಸುತ್ತಿದ್ದರಂತೆ. "ಬೈಗುಳ ಮನಸ್ಸಿಗೆ ಹತ್ತದಿರಲಿ" ಎಂದು ಬರೆಸಿದರು. ಇನ್ನೊಬ್ಬ ನರ್ಸ್ ತುಂಬ ಸಂಕೋಚದಿಂದ ಹೇಳಿದಳು: ಮುಟ್ಟಿನ ದಿನಗಳಲ್ಲಿ ಪಿಪಿಇ ಕಿಟ್ ಹಾಕಿಕೊಂಡು ಆರು ಗಂಟೆ ನಿಲ್ಲಬೇಕು, ನೀರು ಕುಡಿಯುವ ಹಾಗಿಲ್ಲ, ಬಾತ್‌ರೂಮಿಗೆ ಹೋಗುವ ಹಾಗಿಲ್ಲ. ಅದನ್ನು ಯಾವ ದೇವಾಲಯದ ವಿಜ್ಞಾಪನಾ ಪ್ರಾರ್ಥನೆಯಲ್ಲೂ ನಾನು ಕೇಳಿರಲಿಲ್ಲ. ನಾವು ಐವರೂ ಹೆಂಗಸರು, ಮುಚ್ಚುಮರೆಯಿಲ್ಲದೆ ದೇವರ ಮುಂದಿಟ್ಟೆವು.

ಒಂದು ಕಟ್ಟುನಿಟ್ಟು ಮಾಡಿಕೊಂಡೆವು. ರೋಗಿಯ ಹೆಸರು, ಬೆಡ್ ನಂಬರ್, ವಾರ್ಡಿನ ಫೋಟೊ ಯಾವುದೂ ವಾಟ್ಸ್ಆ್ಯಪ್‌ಗೆ ಹೋಗಬಾರದು. ಪ್ರಾರ್ಥನೆಯ ಹೆಸರಿನಲ್ಲಿ ಸುದ್ದಿ ಹಬ್ಬಿಸುವುದನ್ನು ನಾನು ಕಂಡಿದ್ದೇನೆ, ಅದರಿಂದ ಆಗುವ ನೋವನ್ನೂ ಕಂಡಿದ್ದೇನೆ.

ಪಾಳಿ ಬದಲಾಗುವ ಹೊತ್ತನ್ನೇ ನಮ್ಮ ಹೊತ್ತು ಮಾಡಿಕೊಂಡೆವು. ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟು. ಮೊದಲೆರಡು ಹೊತ್ತು ಅವರವರ ಮನೆಯಲ್ಲಿ, ಕೆಲಸದ ನಡುವೆ ಎರಡು ನಿಮಿಷ. ರಾತ್ರಿ ಎಂಟಕ್ಕೆ ಎಲ್ಲರೂ ಫೋನಿನಲ್ಲಿ. ಸತ್ಯವೇದದ 121ನೇ ಕೀರ್ತನೆ ಓದಿ, ನೋಟ್‌ಬುಕ್ಕಿನ ಒಂದೊಂದು ಅಕ್ಷರ ಹೇಳಿ, ಕೊನೆಗೆ ಇಷ್ಟು:

"ಕಾಯುವಾತನೇ, ನೀನು ತೂಕಡಿಸುವವನಲ್ಲ, ನಿದ್ರಿಸುವವನಲ್ಲ. ಈ ರಾತ್ರಿ ಎಚ್ಚರವಿರುವವರ ಜೊತೆಗಿರು. ಸೂಜಿ ಹಿಡಿದ ಕೈ ನಡುಗದಿರಲಿ. ಮಂಜು ಕವಿದ ಕನ್ನಡಕದೊಳಗಿಂದಲೂ ಔಷಧಿಯ ಹೆಸರು ಸರಿಯಾಗಿ ಕಾಣಲಿ. ಒಬ್ಬರೇ ಸಾಯುತ್ತಿರುವವರ ಕೈ ಹಿಡಿಯಲು ಅವರಿಗೆ ಒಂದು ನಿಮಿಷ ಸಿಗಲಿ. ಬೆಳಿಗ್ಗೆ ಮನೆ ಸೇರಿದಾಗ, ನಿನ್ನ ಪ್ರಿಯರಿಗೆ ಕೊಡುವ ನಿದ್ರೆಯನ್ನು ಅವರಿಗೂ ಕೊಡು. ಯೇಸುವಿನ ಹೆಸರಿನಲ್ಲಿ, ಆಮೆನ್."

ನಮ್ಮ ಊರಿಗೆ ಇದೇನೂ ಹೊಸತಲ್ಲ. ಇಲ್ಲಿಯ ಮಿಶನ್ ಆಸ್ಪತ್ರೆಯನ್ನು 1923ರಲ್ಲಿ ಶುರು ಮಾಡಿದವರು ಸ್ವಿಟ್ಜರ್ಲೆಂಡಿನಿಂದ ಬಂದ ಡಾ. ಇವಾ ಲೊಂಬಾರ್ಡ್. ಪ್ರಾರ್ಥನೆಯನ್ನೂ ಔಷಧಿಯನ್ನೂ ಒಂದೇ ಸೂರಿನಡಿ ಕಂಡವರು ನಾವು. ಹಾಗಿದ್ದೂ ನಮ್ಮ ಗುಂಪಿನ ಹಿರಿಯರೊಬ್ಬರು, "ಯಾವ ವ್ಯಾಧಿಯೂ ಹತ್ತಿರ ಬಾರದು ಎನ್ನುವ 91ನೇ ಕೀರ್ತನೆ ಇರುವಾಗ ಲಸಿಕೆ ಯಾಕೆ?" ಎಂದರು. ನಾನು ವಾದಕ್ಕೆ ಹೋಗದೆ ಮತ್ತಾಯ 4 ಓದಿದೆ. ದೇವಾಲಯದ ತುದಿಯಿಂದ ದುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದು ಸೈತಾನನು ಯೇಸುವಿಗೆ ಹೇಳುವಾಗ ಎತ್ತಿ ಆಡಿದ್ದು ಇದೇ 91ನೇ ಕೀರ್ತನೆಯ ಮಾತನ್ನು. ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಉತ್ತರಿಸಿದರು. ಆಮೇಲಿನ ವಾರ ನಾನೇ ಜೊತೆಗೆ ಹೋಗಿ ಅವರಿಗೆ ಲಸಿಕೆ ಹಾಕಿಸಿದೆ.

ಮೇ 12, ದಾದಿಯರ ದಿನ. ಅಂದು ನಾವು ಆರಿಸಿಕೊಂಡದ್ದು ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯ, ಆದರೆ ಅದರೊಳಗಿನ ಛತ್ರದವನನ್ನು. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ಒಂದು ರಾತ್ರಿ ನೋಡಿಕೊಂಡ. ಮರುದಿನ ಎರಡು ಬೆಳ್ಳಿ ನಾಣ್ಯ, ಅಂದರೆ ಎರಡು ದಿನದ ಕೂಲಿ, ಛತ್ರದವನ ಕೈಗಿಟ್ಟು ಹೊರಟ. ಆಮೇಲೆ ಆ ಗಾಯಾಳುವಿನ ಪಕ್ಕ ಇದ್ದವನು ಯಾರು? ಬಟ್ಟೆ ಬದಲಿಸಿದವನು, ನೀರು ಕುಡಿಸಿದವನು? ಅವನ ಮೇಲೆ ಒಂದು ಪ್ರಸಂಗವನ್ನೂ ನಾನು ಕೇಳಿಲ್ಲ. ನಮ್ಮ ನರ್ಸುಗಳು, ಆಯಾಗಳು, ವಾರ್ಡ್ ಬಾಯ್‌ಗಳು ಆ ಛತ್ರದವರು. "ಹೆಚ್ಚೇನಾದರೂ ಖರ್ಚಾದರೆ ನಾನು ತಿರುಗಿ ಬಂದಾಗ ಕೊಡುತ್ತೇನೆ" ಎಂಬ ಮಾತನ್ನು ಅವರಿಗೆ ನೆನಪಿಸಬೇಕಾದವರು ಮನೆಯಲ್ಲಿ ಕುಳಿತ ನಾವು. ಆ ದಿನದಿಂದ ನರ್ಸ್ ಹುಡುಗಿಯ ಮನೆಯ ಗೇಟಿಗೆ ಬೆಳಿಗ್ಗೆ ಒಂಬತ್ತಕ್ಕೆ ಬಿಸಿ ಗಂಜಿ, ಚಟ್ನಿ ಹೋಗತೊಡಗಿತು. ಸರದಿಯ ಮೇಲೆ, ಐದು ಮನೆಯಿಂದ.

ಎಲ್ಲ ಪ್ರಾರ್ಥನೆಗೂ ನಾವು ಬಯಸಿದ ಉತ್ತರ ಬರಲಿಲ್ಲ. ನೋಟ್‌ಬುಕ್ಕಿನ ಮೂರನೇ ಪುಟದಲ್ಲಿದ್ದ ಆಯಾ ಒಬ್ಬರು ಮೇ ಕೊನೆಗೆ ಅದೇ ರೋಗದಿಂದ ತೀರಿಕೊಂಡರು. ಇಬ್ಬರು ಮಕ್ಕಳು. ಅಂದು ರಾತ್ರಿ ಎಂಟಕ್ಕೆ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. "ದೇವರ ಚಿತ್ತ" ಎಂದು ಯಾರೂ ಹೇಳದಿದ್ದುದು ನನಗೆ ಸಮಾಧಾನ ಕೊಟ್ಟಿತು. 88ನೇ ಕೀರ್ತನೆ ಓದಿದೆ. ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು. ಓದಿ, ಅತ್ತು, ಫೋನ್ ಇಟ್ಟೆವು. ಅಂದಿನ ಪ್ರಾರ್ಥನೆ ಅಷ್ಟೇ.

ಅವರ ಹೆಸರಿನ ಅಕ್ಷರವನ್ನು ನಾವು ಹೊಡೆದುಹಾಕಿಲ್ಲ. ಅದರ ಕೆಳಗೆ ಮಕ್ಕಳಿಬ್ಬರ ಅಕ್ಷರ ಸೇರಿಸಿದೆವು. ರಾತ್ರಿ ಎಂಟರ ಕರೆ ಈಗ ವಾರಕ್ಕೊಮ್ಮೆ, ಬುಧವಾರ. ದೊಡ್ಡವಳಿಗೆ ಈ ಸಲ ಪಿಯುಸಿ ಪರೀಕ್ಷೆ. ಲೆಕ್ಕದ ಪೇಪರ್ ಎಂದರೆ ಅವಳಿಗೆ ಹೆದರಿಕೆಯಂತೆ. ಅದನ್ನೂ ಬರೆದುಕೊಂಡಿದ್ದೇವೆ.