ನಜರೆಯಲ್ಲಿ ತಪ್ಪಿದ ಬಸ್ಸು: ಪೋರ್ಚುಗಲ್‌ನಲ್ಲಿ ಒಬ್ಬಳೇ ಹತ್ತು ದಿನ

ಮಾರ್ಚ್ ತಿಂಗಳ ಕೊನೆಯ ಭಾನುವಾರ. ಪೋರ್ಚುಗಲ್‌ನ ನಜರೆ ಎಂಬ ಊರಿನ ಬಸ್ ನಿಲ್ದಾಣಕ್ಕೆ ನಾನು ಬರುವ ಹೊತ್ತಿಗೆ ಲಿಸ್ಬನ್ ಬಸ್ಸು ಹೊರಟು ಮುಕ್ಕಾಲು ಗಂಟೆ ಆಗಿತ್ತು. ನನ್ನ ಕೈಗಡಿಯಾರದ ಪ್ರಕಾರ ಇನ್ನೂ ಕಾಲು ಗಂಟೆ ಬಾಕಿ ಇತ್ತು. ಯೂರೋಪಿನಲ್ಲಿ ಅವತ್ತು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಮೊಬೈಲಿನಲ್ಲಿ ಸಮಯ ತಾನಾಗಿಯೇ ಬದಲಾಗಿತ್ತು, ಆದರೆ ಅದನ್ನು ಬ್ಯಾಗಿನೊಳಗೆ ಹಾಕಿಬಿಟ್ಟಿದ್ದೆ. ಮುಂದಿನ ಬಸ್ಸು ಮಧ್ಯಾಹ್ನಕ್ಕೆ. ಬೇರೆ ದಾರಿ ಇಲ್ಲದೆ ಬ್ಯಾಗು ಹೆಗಲಿಗೇರಿಸಿ ಮತ್ತೆ ಸಮುದ್ರದ ಕಡೆ ನಡೆದೆ. ಹತ್ತು ದಿನದ ಪ್ರವಾಸದಲ್ಲಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಆ ಅರ್ಧ ದಿನ.

ನಾನು ಮಲ್ಪೆಯವಳು. ಅಮ್ಮ ಮೀನು ಮಾರುತ್ತಾಳೆ. ಜರ್ಮನಿಗೆ ಎಂ.ಎಸ್. ಓದಲು ಬಂದು ಮೊದಲ ಸೆಮಿಸ್ಟರ್ ಮುಗಿದಿತ್ತು. ಇಲ್ಲಿ ಚಳಿಗಾಲದ ಸೆಮಿಸ್ಟರಿನ ಪಾಠಗಳು ಫೆಬ್ರವರಿಯಲ್ಲಿ ಮುಗಿದರೆ ಮುಂದಿನವು ಶುರುವಾಗುವುದು ಏಪ್ರಿಲ್‌ನಲ್ಲಿ. ಆರು ತಿಂಗಳು ಸಮುದ್ರ ನೋಡದೆ ಇದ್ದದ್ದು ನನ್ನ ಜೀವನದಲ್ಲೇ ಅದು ಮೊದಲು. ಜೊತೆಗೆ ಬರುತ್ತೇನೆ ಅಂದಿದ್ದ ಗೆಳತಿಗೆ ಪರೀಕ್ಷೆ ಮುಂದಕ್ಕೆ ಹೋಯಿತು. ಒಬ್ಬಳೇ ಹೊರಟೆ.

ಪೋರ್ಚುಗಲ್ ಯಾಕೆ ಅಂದರೆ, ಒಂದು ಖರ್ಚು ಕಡಿಮೆ. ಇನ್ನೊಂದು, ಚಿಕ್ಕಂದಿನಲ್ಲಿ ಶಾಲೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋದಾಗಲೆಲ್ಲ ಕೇಳಿದ ಕಥೆ: ವಾಸ್ಕೋ ಡ ಗಾಮ ಮೊದಲು ಇಲ್ಲಿಗೆ ಬಂದು ಶಿಲುಬೆ ನೆಟ್ಟು ಹೋದ ಅಂತ. ಅದು ದಂತಕಥೆ. ಆದರೆ 1498ರಲ್ಲಿ ವಾಪಸ್ ಹೋಗುವಾಗ ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಲ್ಲಿ ಅವನು ತಂಗಿದ್ದು ನಿಜ. ಆ ಪೋರ್ಚುಗೀಸರು ಹೊರಟು ಬಂದ ದಡ ಹೇಗಿದೆ ಅಂತ ನೋಡುವ ಆಸೆ ಬಹಳ ದಿನದಿಂದ ಇತ್ತು.

ಮೊದಲು ದಾಖಲೆಗಳ ವಿಷಯ ಹೇಳಿಬಿಡುತ್ತೇನೆ, ಊರಿಂದ ತುಂಬಾ ಜನ ಕೇಳುವುದು ಇದನ್ನೇ. ಜರ್ಮನಿಯ ವಾಸದ ಪರವಾನಗಿ ಕಾರ್ಡ್ ಇದ್ದರೆ ಉಳಿದ ಷೆಂಗೆನ್ ದೇಶಗಳಿಗೆ (ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಗುಂಪು) ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ತಿರುಗಾಡಬಹುದು. ಪಾಸ್‌ಪೋರ್ಟ್ ಮತ್ತು ಆ ಕಾರ್ಡ್ ಎರಡೂ ಕೈಯಲ್ಲಿರಬೇಕು. ಸಿಮ್ ಬದಲಿಸುವ ತಾಪತ್ರಯವೂ ಇಲ್ಲ. 2017ರಿಂದ ಯೂರೋಪಿಯನ್ ಒಕ್ಕೂಟದ ಒಳಗೆ ನಮ್ಮ ಮಾಮೂಲಿ ಪ್ಲಾನೇ ನಡೆಯುತ್ತದೆ.

ನನ್ನ ಮೊದಲ ಪಟ್ಟಿಯಲ್ಲಿ ಹತ್ತು ದಿನಕ್ಕೆ ಎಂಟು ಊರು ಇದ್ದವು. ಪೋರ್ತೊ, ಬ್ರಾಗ, ಕೊಯಿಂಬ್ರ, ನಜರೆ, ಲಿಸ್ಬನ್, ಸಿಂತ್ರ, ಲಾಗೂಶ್, ಕೊನೆಗೆ ಸ್ಪೇನ್‌ನ ಸೆವಿಲ್ಲಾ ಕೂಡ. ಹಾಸ್ಟೆಲಿನಲ್ಲಿರುವ ಧಾರವಾಡದ ಅಕ್ಕನಿಗೆ ತೋರಿಸಿದೆ. ಅವರು ಓದಿ ನೋಡಿ, "ಇದೇನ್ ತಂಗಿ, ಬಸ್‌ಸ್ಟ್ಯಾಂಡ್ ಬೋರ್ಡ್ ಆಗೇತಲ್ಲ ಇದು" ಅಂದರು. ಪೆನ್ನು ತೆಗೆದುಕೊಂಡು ಅವರೇ ನಾಲ್ಕು ಊರು ಹೊಡೆದುಹಾಕಿದರು. ಆಗ ಬೇಜಾರಾಗಿತ್ತು. ಈಗ ಯಾರಾದರೂ ಕೇಳಿದರೆ ನಾನೂ ಅದನ್ನೇ ಮಾಡುತ್ತೇನೆ. ಒಬ್ಬರೇ ಹೋಗುವಾಗ ಊರು ಬದಲಿಸುವ ದಿನ ಪೂರ್ತಿ ಅದರಲ್ಲೇ ಹೋಗುತ್ತದೆ. ಬ್ಯಾಗು ನೋಡಿಕೊಳ್ಳಲು ಇನ್ನೊಬ್ಬರು ಇರುವುದಿಲ್ಲ, ದಾರಿ ಹುಡುಕುವುದೂ ನೀವೇ, ಹುಷಾರಾಗಿ ಇರಬೇಕಾದ್ದೂ ನೀವೇ. ಸಂಜೆಗೆ ಸುಸ್ತಾಗಿ ಏನನ್ನೂ ನೋಡುವ ಮನಸ್ಸೇ ಇರುವುದಿಲ್ಲ.

ಮಂಗಳವಾರ ಪೋರ್ತೊ ತಲುಪಿದೆ. ವಿಮಾನ ನಿಲ್ದಾಣದಿಂದ ಮೆಟ್ರೊದಲ್ಲೇ ಊರೊಳಗೆ ಬರಬಹುದು. ಸಾವೊ ಬೆಂತೊ ರೈಲು ನಿಲ್ದಾಣಕ್ಕೆ ರೈಲು ಹತ್ತುವುದಿಲ್ಲದಿದ್ದರೂ ಹೋಗಬೇಕು. ಒಳಗಿನ ಗೋಡೆಗಳ ತುಂಬಾ ನೀಲಿ ಬಿಳಿ ಟೈಲ್ಸ್, ಸುಮಾರು 20,000. ಜೋರ್ಜ್ ಕೊಲಾಸೊ ಎಂಬ ಕಲಾವಿದ ಯುದ್ಧ, ಸುಗ್ಗಿ, ಜಾತ್ರೆ ಎಲ್ಲವನ್ನೂ ಅದರಲ್ಲಿ ಬರೆದಿದ್ದಾರೆ. ದೋರು ನದಿಯ ಮೇಲಿನ ದೊಂ ಲೂಯಿಸ್ ಸೇತುವೆ 1886ರದ್ದು, ಎರಡು ಅಂತಸ್ತು. ಮೇಲೆ ಮೆಟ್ರೊ ಹೋಗುತ್ತದೆ, ಪಕ್ಕದಲ್ಲೇ ನಾವು ನಡೆಯಬಹುದು. ಇದನ್ನು ರೂಪಿಸಿದ ಸೇರಿಗ್, ಐಫೆಲ್ ಗೋಪುರದ ಐಫೆಲ್ ಜೊತೆ ಮೊದಲು ಪಾಲುದಾರರಾಗಿದ್ದವರು. ಸಂಜೆ ಮೇಲಿನ ಅಂತಸ್ತಿನಲ್ಲಿ ದಾಟಿ ಆಚೆ ದಡದಲ್ಲಿ ಕೂತರೆ ಇಡೀ ಊರು ಕಾಣುತ್ತದೆ, ಒಂದು ಪೈಸೆ ಖರ್ಚಿಲ್ಲ.

ಊಟದ ಬಗ್ಗೆ ಎರಡು ಮಾತು. ಕೂತ ಕೂಡಲೇ ಮೇಜಿನ ಮೇಲೆ ಬ್ರೆಡ್ಡು, ಆಲಿವ್ ಕಾಯಿ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ, ತಿಂದರೆ ದುಡ್ಡು. ಬೇಡ ಅಂದರೆ ನಗುತ್ತಲೇ ತೆಗೆದುಕೊಂಡು ಹೋಗುತ್ತಾರೆ. ಮಧ್ಯಾಹ್ನ 'ಪ್ರಾತು ದು ದಿಯಾ' ಅಂತ ಬೋರ್ಡ್ ಇರುವ ಸಣ್ಣ ಹೋಟೆಲುಗಳಲ್ಲಿ ಅವತ್ತಿನ ಊಟ ಅಗ್ಗಕ್ಕೆ ಸಿಗುತ್ತದೆ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ತರಕಾರಿ ಸೂಪ್ ಎಲ್ಲ ಕಡೆ ಇದೆ, ಆದರೆ 'ಕಾಲ್ದು ವೆರ್ದ್' ಎಂಬ ಹಸಿರು ಸೂಪಿನಲ್ಲಿ ಹಂದಿ ಮಾಂಸದ ತುಂಡು ಹಾಕುವ ರೂಢಿ ಇದೆ. ಕೇಳಿಯೇ ತೆಗೆದುಕೊಳ್ಳಿ. ಮೀನು ತಿನ್ನುವ ನನ್ನಂಥವರಿಗೆ ಪೋರ್ಚುಗಲ್ ತವರುಮನೆ ಇದ್ದ ಹಾಗೆ.

ಶುಕ್ರವಾರ ಬಸ್ಸಿನಲ್ಲಿ ನಜರೆಗೆ ಬಂದೆ. ಈ ಊರು ಜಗತ್ತಿಗೆ ಗೊತ್ತಿರುವುದು ಅಲೆಗಳಿಂದ. 2020ರ ಅಕ್ಟೋಬರ್‌ನಲ್ಲಿ ಸೆಬಾಸ್ಟಿಯನ್ ಸ್ಟೂಡ್ಟ್‌ನರ್ ಎಂಬ ಜರ್ಮನ್ ಸರ್ಫರ್ ಇಲ್ಲಿ ಏರಿದ ಅಲೆಯ ಎತ್ತರ 26.21 ಮೀಟರ್. ಎಂಟು ಮಹಡಿಯ ಕಟ್ಟಡದಷ್ಟು! ಇಲ್ಲೇ ಯಾಕೆ ಅಂತ ಗುಡ್ಡದ ತುದಿಯ ಸಾವೊ ಮಿಗೆಲ್ ಕೋಟೆಯೊಳಗೆ ಚಿತ್ರ ಸಮೇತ ವಿವರಿಸಿದ್ದಾರೆ. ದಡದ ಹತ್ತಿರದವರೆಗೂ ಸಮುದ್ರದ ತಳದಲ್ಲಿ ದೊಡ್ಡ ಕಂದಕ ಇದೆ. ಉದ್ದ 200 ಕಿಲೋಮೀಟರಿಗೂ ಜಾಸ್ತಿ. ಆಳದ ನೀರಿನಲ್ಲಿ ಅಲೆ ಬೇಗ ಬರುತ್ತದೆ, ಪಕ್ಕದ ಆಳವಿಲ್ಲದ ಜಾಗದಲ್ಲಿ ನಿಧಾನವಾಗುತ್ತದೆ. ಕಂದಕದ ಮೇಲಿಂದ ಬಂದ ಅಲೆ ದಡದ ಹತ್ತಿರ ತಿರುಗಿಕೊಂಡು ಇನ್ನೊಂದರ ಮೇಲೆ ಸೇರುತ್ತದೆ. ಎರಡರ ಎತ್ತರ ಕೂಡುತ್ತದೆ. ನಾನು ಹೋದದ್ದು ದೊಡ್ಡ ಅಲೆಗಳ ಕಾಲ ಮುಗಿಯುವ ಹೊತ್ತಿಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆ ಕಾಲ. ಅಷ್ಟು ದೊಡ್ಡದು ಕಾಣಲಿಲ್ಲ. ಆದರೂ ಲೈಟ್‌ಹೌಸ್ ಪಕ್ಕ ನಿಂತಾಗ ಅಲೆ ಒಡೆಯುವ ಸದ್ದು ಕಾಲಡಿಯ ಕಲ್ಲಿನಲ್ಲಿ ತಾಗುತ್ತಿತ್ತು. ಮಳೆಗಾಲದ ಮಲ್ಪೆ ಕಡಲು ನೋಡಿ ಬೆಳೆದವಳು ನಾನು. ನನಗೂ ಎರಡು ಹೆಜ್ಜೆ ಹಿಂದೆ ಸರಿಯಬೇಕು ಅನ್ನಿಸಿತು.

ಆದರೆ ನಜರೆಯನ್ನು ನಾನು ನೋಡಿದ್ದು ಬಸ್ಸು ತಪ್ಪಿದ ಮೇಲೆ. ಎರಡು ದಿನದಿಂದ ಅದೇ ಮರಳಿನ ಪಕ್ಕ ಓಡಾಡುತ್ತಿದ್ದೆ, ಗಡಿಬಿಡಿಯಲ್ಲಿ. ಅವತ್ತು ಹೋಗುವ ಜಾಗ ಯಾವುದೂ ಇರಲಿಲ್ಲ. ದಡದಲ್ಲಿ ಸಾಲಾಗಿ ಮರದ ಚೌಕಟ್ಟುಗಳು, ಅವಕ್ಕೆ ಬಲೆ ಬಿಗಿದು ಇಳಿಜಾರಾಗಿ ನಿಲ್ಲಿಸಿದ್ದರು. ಬಲೆಯ ಮೇಲೆ ಮೀನು. ಹೊಟ್ಟೆ ಸೀಳಿ, ಪುಸ್ತಕ ತೆರೆದ ಹಾಗೆ ಬಿಡಿಸಿ, ಚರ್ಮ ಕೆಳಗೆ ಮಾಂಸ ಮೇಲೆ ಮಾಡಿ ಹರವಿದ್ದರು. ವಾಸನೆ ಬಂತು. ನಮ್ಮೂರಿನ ನುಂಗೆಲ್, ಅಂದರೆ ಒಣಮೀನಿನ ವಾಸನೆ.

ಅಲ್ಲೇ ಒಬ್ಬ ಅಜ್ಜಿ ಕೂತಿದ್ದರು. ತಲೆಗೆ ವಸ್ತ್ರ, ಮೊಣಕಾಲವರೆಗಿನ ಲಂಗ. ಒಂದರ ಮೇಲೊಂದು ಲಂಗ ಉಡುವುದು ಇಲ್ಲಿನ ಮೀನುಗಾರ ಹೆಂಗಸರ ಹಳೆಯ ಪದ್ಧತಿ, ಏಳು ಲಂಗ ಅಂತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಪೋರ್ಚುಗೀಸ್ ಬರುವುದಿಲ್ಲ. ನನ್ನ ಮೊಬೈಲಿನಲ್ಲಿ ಮಲ್ಪೆ ಬಂದರಿನ ಫೋಟೋ ತೆಗೆದು ತೋರಿಸಿದೆ. ಅಮ್ಮ ಬುಟ್ಟಿ ಮುಂದಿಟ್ಟುಕೊಂಡು ಕೂತ ಫೋಟೋ. ಅವರು ಅದನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ನೋಡಿದರು. ಅಮ್ಮನ ಮುಖವನ್ನಲ್ಲ, ಬುಟ್ಟಿಯ ಮೀನನ್ನು! ಆಮೇಲೆ ನನ್ನ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋದರು. ಉಪ್ಪುನೀರು ತುಂಬಿದ ಬಕೆಟ್ ಇತ್ತು. ಅದನ್ನು ತಟ್ಟಿ "ಬಾಲ್ದ್" ಅಂದರು. ನಾನು "ಬಾಲ್ದಿ" ಅಂದೆ. ಅವರು ಮತ್ತೆ "ಬಾಲ್ದ್". ನಾನು ಮತ್ತೆ "ಬಾಲ್ದಿ". ಇಬ್ಬರೂ ನಕ್ಕೆವು. ಅವರ ಮಾತು ಹಡಗಿನಲ್ಲಿ ನಮ್ಮ ಕಡಲಿಗೆ ಬಂದು ಐನೂರು ವರ್ಷ ಆಯಿತು, ನಮ್ಮ ಮನೆಯ ಬಾವಿಕಟ್ಟೆಯ ಮೇಲೆ ಕೂತಿದೆ. ಚಾವಿ, ಅನಾನಸು, ಲಿಲಾವು ಕೂಡ ಅದೇ ದಾರಿಯಲ್ಲಿ ಬಂದವು.

ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಊರಲ್ಲಿ ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ಅಮ್ಮ ಮೊದಲು ಕೇಳಿದ್ದು, "ಅದು ಬಂಗುಡೆಯಾ?" ಬಂಗುಡೆ ಅಲ್ಲ, 'ಕಾರಪಾವ್' ಎಂಬ ಅದೇ ಥರದ ಮೀನು. "ನೆಲಕ್ಕೆ ಹಾಕದೆ ಮೇಲೆ ಕಟ್ಟಿದ್ದಾರಲ್ಲ, ಒಳ್ಳೆಯದು. ಮರಳು ಹಿಡಿಯುವುದಿಲ್ಲ. ಎಷ್ಟು ದಿನ ಒಣಗಿಸ್ತಾರೆ ಕೇಳು." ಅಜ್ಜಿ ಬೆರಳಿನಲ್ಲಿ ಎರಡು, ಆಮೇಲೆ ಆಕಾಶ ತೋರಿಸಿ ಮೂರು ಅಂದರು. ಮೋಡ ಇದ್ದರೆ ಮೂರು ದಿನ ಅಂತ. ಅಮ್ಮನಿಗೆ ನಾನು ಹೇಳುವ ಮೊದಲೇ ಅರ್ಥವಾಯಿತು. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಿಗೆ ಅಂತಲೇ ಬೇಸಿಗೆಯಲ್ಲಿ ಮೀನು ಒಣಗಿಸಿ ಇಡುತ್ತೇವೆ. ಅಮ್ಮನಿಗೆ ಬಿಸಿಲಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಇಬ್ಬರೂ ಹತ್ತು ನಿಮಿಷ ಮಾತಾಡಿದರು, ಒಬ್ಬರು ತುಳುವಿನಲ್ಲಿ, ಒಬ್ಬರು ಪೋರ್ಚುಗೀಸಿನಲ್ಲಿ. ನಾನು ಸುಮ್ನೆ ಮೊಬೈಲ್ ಹಿಡಿದುಕೊಂಡು ನಿಂತಿದ್ದೆ.

ಲಿಸ್ಬನ್ ಚೆಂದದ ಊರು, ಬೆಟ್ಟದ ಮೇಲೆ ಬೆಟ್ಟ. 28ನೇ ನಂಬರ್ ಟ್ರಾಮಿನಲ್ಲಿ ಹಗಲು ಹತ್ತಿದರೆ ನೂಕುನುಗ್ಗಲು, ಜೇಬುಗಳ್ಳರ ಕಾಟ. ನಾನು ಬೆಳಿಗ್ಗೆ ಏಳಕ್ಕೆ ಮಾರ್ತಿಂ ಮೊನಿಜ್‌ನಿಂದ ಹತ್ತಿದೆ, ಕಿಟಕಿ ಸೀಟೇ ಸಿಕ್ಕಿತು. ಪಾದಚಾರಿ ದಾರಿಗೆಲ್ಲ ನುಣುಪಾದ ಸುಣ್ಣದ ಕಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ. ಹಿಡಿತ ಇರುವ ಶೂ ಬೇಕೇ ಬೇಕು. ಕಾರ್ಮೊ ಮಠಕ್ಕೆ ಹೋಗಿ. 1755ರ ಭೂಕಂಪದಲ್ಲಿ ಚಾವಣಿ ಬಿದ್ದುಹೋಯಿತು. ಈಗಲೂ ಕಮಾನುಗಳ ನಡುವೆ ಬರೀ ಆಕಾಶ.

ಲಿಸ್ಬನ್‌ನ ಬೆಲೆಂ ಎಂಬ ಬಡಾವಣೆಯ ಜೆರೋನಿಮುಶ್ ಮಠದ ಚರ್ಚಿನಲ್ಲಿ ಗಾಮನ ಗೋರಿ ಇದೆ. 1524ರಲ್ಲಿ ಅವನು ಸತ್ತದ್ದು ಕೊಚ್ಚಿಯಲ್ಲಿ, ಮೂಳೆಗಳನ್ನು ಆಮೇಲೆ ತಂದರು. ಹತ್ತಿರದಲ್ಲೇ ನದಿಯ ದಡದಲ್ಲಿ 1960ರಲ್ಲಿ ಕಟ್ಟಿದ 'ಅನ್ವೇಷಣೆಗಳ ಸ್ಮಾರಕ' ಇದೆ. ಅದರ ಮುಂದೆ ನೆಲದ ಮೇಲೆ ಅಮೃತಶಿಲೆಯಲ್ಲಿ ಜಗತ್ತಿನ ನಕ್ಷೆ. ನಮ್ಮ ಕರಾವಳಿ ಇರುವ ಜಾಗದಲ್ಲಿ ನಿಂತೆ. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರ ವಿರುದ್ಧ ಹೋರಾಡಿದ ಕಥೆ ಕೇಳಿಕೊಂಡೇ ನಾವೆಲ್ಲ ದೊಡ್ಡವರಾದವರು. ಇಲ್ಲಿನ ಕಲ್ಲಿನಲ್ಲಿ ಆ ಕಥೆ ಇಲ್ಲ. ಮನಸ್ಸಿಗೆ ನೋವಾಯಿತು. ಎರಡು ದಿನದ ನಂತರ ಲಾಗೂಶ್‌ನಲ್ಲಿ ಆ ನೋವು ಇನ್ನೂ ಜಾಸ್ತಿಯಾಯಿತು. 1444ರಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಆ ಊರಿನಲ್ಲೇ ಮಾರಿದ್ದು. ಅದನ್ನು ನೆನಪಿಸುವ ಸಣ್ಣ ಮ್ಯೂಸಿಯಂ ಇದೆ. ಬೀಚಿಗೆ ಬಂದವರು ಅದನ್ನೂ ದಯವಿಟ್ಟು ನೋಡಿ.

ಲಾಗೂಶ್‌ನ ಪೋಂತ ದ ಪಿಯೆದಾದ್‌ನಲ್ಲಿ ಹಳದಿ ಸುಣ್ಣಕಲ್ಲಿನ ಬಂಡೆಗಳು ಕಮಾನು, ಗುಹೆಗಳಾಗಿ ಕಡಲಿಗೆ ಇಳಿದಿವೆ. ಇಲ್ಲಿ ಹುಷಾರಾಗಿರಬೇಕಾದ್ದು ಎರಡು ವಿಷಯಕ್ಕೆ. ಇಲ್ಲಿನ ಉಬ್ಬರ ನಮ್ಮ ಕಡೆಗಿಂತ ತುಂಬಾ ಜಾಸ್ತಿ, ಕೆಲವು ದಿನ ಇಳಿತಕ್ಕೂ ಉಬ್ಬರಕ್ಕೂ ಮೂರು ಮೀಟರಿಗಿಂತ ಹೆಚ್ಚು ವ್ಯತ್ಯಾಸ. ಇಳಿತದಲ್ಲಿ ಬಂಡೆ ಸುತ್ತಿ ಪಕ್ಕದ ಬೀಚಿಗೆ ನಡೆದು ಹೋದವರು ವಾಪಸ್ ಬರುವಾಗ ದಾರಿ ಮುಳುಗಿರುತ್ತದೆ. ಉಬ್ಬರದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ನೋಡಿಕೊಂಡೇ ಇಳಿಯಿರಿ. ಇನ್ನೊಂದು, ಬಂಡೆಯ ನೆರಳಿನಲ್ಲಿ ಕೂರಬೇಡಿ. 2009ರಲ್ಲಿ ಅಲ್ಬುಫೇರ ಹತ್ತಿರದ ಬೀಚಿನಲ್ಲಿ ಬಂಡೆ ಕುಸಿದು ಐದು ಜನ ಸತ್ತರು.

ಒಬ್ಬಳೇ ಹೆಣ್ಣುಮಗಳು, ಭಯ ಆಗಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ರಾತ್ರಿ ಆಯಿತು. ನಾನು ಮಾಡಿಕೊಂಡ ಕಟ್ಟುಪಾಡು ಇಷ್ಟೇ: ಹೊಸ ಊರಿಗೆ ಕತ್ತಲಾಗುವ ಮೊದಲೇ ಸೇರಬೇಕು, ಹೆಂಗಸರ ಕೋಣೆಯಲ್ಲೇ ಮಂಚ ತೆಗೆದುಕೊಳ್ಳಬೇಕು, ಲೊಕೇಶನ್ ಸದಾ ಧಾರವಾಡದ ಅಕ್ಕನಿಗೆ ಕಾಣುತ್ತಿರಬೇಕು. ರಾತ್ರಿ ಒಂಬತ್ತಕ್ಕೆ ಅವರ "ಉಂಡೇನ?" ಮೆಸೇಜ್ ಬರುತ್ತಿತ್ತು.

ಒಟ್ಟು ಖರ್ಚು 560 ಯೂರೊ. ವಿಮಾನಕ್ಕೆ 95, ಹತ್ತು ರಾತ್ರಿ ಹಾಸ್ಟೆಲಿಗೆ 210, ಬಸ್ಸಿಗೆ 60, ಊಟಕ್ಕೆ 130, ಉಳಿದದ್ದಕ್ಕೆ 65. ಪೋರ್ತೊದಲ್ಲಿ ರಾತ್ರಿಗೆ 3, ಲಿಸ್ಬನ್‌ನಲ್ಲಿ 4 ಯೂರೊ ಪ್ರವಾಸಿ ತೆರಿಗೆ ಬೇರೆ ಇದೆ, ಇದನ್ನು ಹಾಸ್ಟೆಲಿನಲ್ಲೇ ಕಟ್ಟಬೇಕು. ಆ 65ರಲ್ಲಿ ಬಹುಪಾಲು ಹೋದದ್ದು ಅದಕ್ಕೆ, ಮ್ಯೂಸಿಯಂ ಟಿಕೆಟ್ಟಿಗೆ.

ಉಳಿದ ಚಿಲ್ಲರೆಯಲ್ಲಿ ಒಂದು ಕಟ್ಟು ಒಣ ಕಾರಪಾವ್ ತಂದಿದ್ದೆ. ಅಜ್ಜಿ ಐದು ಮೀನಿಗೆ ದುಡ್ಡು ತೆಗೆದುಕೊಂಡು ಆರು ಕಟ್ಟಿಕೊಟ್ಟಿದ್ದರು. ಜರ್ಮನಿಗೆ ವಾಪಸ್ ಬಂದು ನಮ್ಮ ಹಾಸ್ಟೆಲ್ ಅಡುಗೆಮನೆಯ ಕಿಟಕಿ ಪೂರ್ತಿ ತೆರೆದಿಟ್ಟು, ಬಾಣಲೆಗೆ ತೆಂಗಿನೆಣ್ಣೆ ಹಾಕಿದೆ. ಮೊಬೈಲಿನಲ್ಲಿ ಅಮ್ಮ ಹೇಳುತ್ತಿದ್ದಳು, "ಮೊದಲು ಬಿಸಿನೀರಿನಲ್ಲಿ ಹಾಕು, ಉಪ್ಪು ಬಿಡಲಿ. ಎಷ್ಟು ಉಪ್ಪು ಹಾಕಿದ್ದಾರೋ ಏನೋ, ಅದನ್ನೊಂದು ಕೇಳಲು ಮರೆತೆ ನಾನು."