ಡೈಲಾಗ್ ಹೇಳುವ ಗಂಟಲಲ್ಲೇ ಹಾಡು: ನನ್ನ ಅನುಭವ

ಧಾರಾವಾಹಿ ನಟಿ ತನ್ನದೇ ಒಂದು ಹಾಡು ಬಿಡುಗಡೆ ಮಾಡಿದಳು ಅಂದರೆ ಜನ ಮೊದಲು ಕೇಳುವುದು, "ನಿಜವಾಗ್ಲೂ ಅವಳೇ ಹಾಡಿದ್ದಾ?" ಎಂದು. ಮೇಕಪ್ ಅಣ್ಣನಿಂದ ಹಿಡಿದು ಊರಿನ ದೊಡ್ಡಮ್ಮನವರೆಗೆ ಎಲ್ಲರೂ ನನ್ನನ್ನು ಇದನ್ನೇ ಕೇಳಿದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ತೆರೆಯ ಮೇಲೆ ತುಟಿ ಆಡಿಸುವವರು ಬೇರೆ, ಹಾಡುವವರು ಬೇರೆ ಎಂಬುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಡಾ. ರಾಜ್‌ಕುಮಾರ್ ಅವರಿಗೇ ಎಷ್ಟೋ ವರ್ಷ ಪಿ.ಬಿ. ಶ್ರೀನಿವಾಸ್ ಹಾಡಿದ್ದರು. ಅಣ್ಣಾವ್ರು ತಮ್ಮ ಚಿತ್ರಗಳಿಗೆ ತಾವೇ ಸತತವಾಗಿ ಹಾಡತೊಡಗಿದ್ದು 1974ರ ನಂತರ. ಆದರೆ ಅವರು ಹಾಡುವುದನ್ನು ಕಲಿತದ್ದು ಸಿನಿಮಾದಲ್ಲಲ್ಲ, ಅದಕ್ಕೂ ಮೊದಲು ಕಂಪನಿ ನಾಟಕದಲ್ಲಿ. ಗುಬ್ಬಿ ಕಂಪನಿಯ ಕಾಲದಲ್ಲಿ ಮಾತಾಡುವ ಗಂಟಲು, ಹಾಡುವ ಗಂಟಲು ಎಂದು ಎರಡಿರಲಿಲ್ಲ. ಬಿ. ಜಯಶ್ರೀ ಅವರು ರಂಗಗೀತೆ ಹಾಡುವುದನ್ನು ಎದುರು ಕೂತು ಕೇಳಿದವರಿಗೆ ನಾನು ಹೇಳುತ್ತಿರುವುದು ತಕ್ಷಣ ಅರ್ಥವಾಗುತ್ತದೆ. ಮಾತು ಎಲ್ಲಿ ಮುಗಿದು ರಾಗ ಎಲ್ಲಿ ಶುರುವಾಯಿತು ಎಂದು ಅಲ್ಲಿ ಗೆರೆ ಎಳೆಯಲು ಬರುವುದಿಲ್ಲ.

ಸೀರಿಯಲ್‌ನಲ್ಲಿದ್ದುಕೊಂಡೇ ಪಾಪ್ ಹಾಡುಗಳಿಗೆ ಕಾಲಿಟ್ಟ ಮೇಲೆ ನಾನು ಗಟ್ಟಿಯಾಗಿ ನಂಬಿರುವುದು ಇಷ್ಟೇ. ನಮ್ಮ ಹತ್ತಿರ ಇರುವ ಬಂಡವಾಳ ಮುಖವಲ್ಲ, ದಿನವಿಡೀ ಡೈಲಾಗ್ ಹೇಳಿ ಪಳಗಿದ ಗಂಟಲು. ಮುಖವನ್ನು ನಂಬಿ ಹಾಡು ಮಾಡಿದರೆ ಅದು ಒಂದು ವಾರ ಓಡುತ್ತದೆ. ಗಂಟಲನ್ನು ನಂಬಿದರೆ ಮುಂದಿನ ಹಾಡನ್ನೂ ಯಾರಾದರೂ ಕೇಳುತ್ತಾರೆ.

ಈ ದಾರಿಯಲ್ಲಿ ನಡೆದವರ ಕಥೆಗಳನ್ನು ನಾನು ಹುಡುಕಿ ಹುಡುಕಿ ಓದಿದೆ. ಎಲ್ಲರಿಗೂ ಗೊತ್ತಿರುವುದು ಪಾಪ್ ಗಾಯಕಿ ಕೈಲಿ ಮಿನೋಗ್. 1986ರಲ್ಲಿ ಆಸ್ಟ್ರೇಲಿಯಾದ 'ನೈಬರ್ಸ್' ಧಾರಾವಾಹಿಗೆ ಬಂದಾಗ ಆಕೆಯದು ಗ್ಯಾರೇಜ್ ಮೆಕ್ಯಾನಿಕ್ ಹುಡುಗಿ ಶಾರ್ಲೀನ್ ಪಾತ್ರ. ಒಂದು ಫುಟ್‌ಬಾಲ್ ಕ್ಲಬ್‌ನ ಸಹಾಯಾರ್ಥ ಕಾರ್ಯಕ್ರಮದಲ್ಲಿ ಸಹನಟರ ಜೊತೆ ವೇದಿಕೆ ಹತ್ತಿ, 1962ರ ಹಳೆಯ ಹಾಡೊಂದನ್ನು ಹಾಡಿದಳು. ಅದೇ ಹಾಡು 1987ರಲ್ಲಿ ರೆಕಾರ್ಡ್ ಆಗಿ ಬಂದು ಆಸ್ಟ್ರೇಲಿಯಾದಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿ ಕೂತಿತು. ಆಮೇಲೆ ಲಂಡನ್ನಿಗೆ ಹೋದರೆ, ಹಾಡು ಮಾಡಬೇಕಿದ್ದ ಮೂವರು ನಿರ್ಮಾಪಕರಿಗೆ ಆಕೆ ಬರುವ ವಿಷಯವೇ ಮರೆತುಹೋಗಿತ್ತಂತೆ. ಆಕೆ ಹೊರಗೆ ಕಾಯುತ್ತಿದ್ದಾಗ ಸುಮಾರು ನಲವತ್ತು ನಿಮಿಷದಲ್ಲಿ ಗಡಿಬಿಡಿಯಿಂದ ಬರೆದುಕೊಟ್ಟ ಹಾಡು 1988ರಲ್ಲಿ ಬ್ರಿಟನ್ನಿನಲ್ಲಿ ಐದು ವಾರ ನಂಬರ್ ಒನ್ ಆಯಿತು. ಪತ್ರಿಕೆಗಳು ಆಕೆಯನ್ನು ಹಾಡುವ ಗಿಣಿಮರಿ ಎಂದು ಆಡಿಕೊಂಡವು. ಆಕೆ ಬಿಡಲಿಲ್ಲ. 2004ರಲ್ಲಿ ಒಂದು ಗ್ರ್ಯಾಮಿ, ಮತ್ತೆ 2024ರಲ್ಲಿ ಇನ್ನೊಂದು. ನಡುವೆ ಇಪ್ಪತ್ತು ವರ್ಷ! ನನಗೆ ಮುಖ್ಯವಾಗಿ ಕಂಡದ್ದು ಮೊದಲಿನ ಆ ಏಳು ವಾರವಲ್ಲ, ಈ ಇಪ್ಪತ್ತು ವರ್ಷ.

ಮೆಕ್ಸಿಕೋದ ತಾಲಿಯಾ ಅವರದು ಇನ್ನೊಂದು ದಾರಿ. ತೊಂಬತ್ತರ ದಶಕದಲ್ಲಿ ತಾನು ನಾಯಕಿಯಾಗಿದ್ದ ಧಾರಾವಾಹಿಗಳ ಶೀರ್ಷಿಕೆ ಗೀತೆಗಳನ್ನು ಆಕೆ ತಾನೇ ಹಾಡಿದಳು. ನಮ್ಮಲ್ಲಿ ಶೀರ್ಷಿಕೆ ಗೀತೆ ಎಂದರೆ ಸಾಮಾನ್ಯವಾಗಿ ಹೆಸರಾಂತ ಹಿನ್ನೆಲೆ ಗಾಯಕರ ಪಾಲು. ಆ ಬಾಗಿಲು ತೆರೆಯಲಿ ಎಂದು ಕಾಯುತ್ತ ಕೂರುವ ಮನಸ್ಸು ನನಗಿರಲಿಲ್ಲ.

ಮೊದಲು ಮಾಡಿದ್ದು ಅಗ್ರಿಮೆಂಟ್ ತೆಗೆದು ಓದಿದ್ದು. ಧಾರಾವಾಹಿಯ ಕರಾರಿನಲ್ಲಿ ಬೇರೆ ವಾಹಿನಿಯಲ್ಲಿ ಕಾಣಿಸಿಕೊಳ್ಳುವಂತಿಲ್ಲ, ಪಾತ್ರದ ಹೆಸರು, ವೇಷ, ಧಾರಾವಾಹಿಯ ಫೋಟೋ ಬೇರೆ ಕೆಲಸಕ್ಕೆ ಬಳಸುವಂತಿಲ್ಲ ಎಂಬಂಥ ಷರತ್ತುಗಳು ಇರುತ್ತವೆ. ಹಾಡುವುದರ ಬಗ್ಗೆ ನನ್ನ ಕರಾರಿನಲ್ಲಿ ಏನೂ ಇರಲಿಲ್ಲ. ಏನೂ ಇಲ್ಲ ಎಂದರೆ ಮಾಡಬಹುದು ಎಂದು ನಾನು ಅಂದುಕೊಳ್ಳಲಿಲ್ಲ. ನಿರ್ಮಾಪಕರಿಗೆ ಹೇಳಿ, ವಾಹಿನಿಯಿಂದ ಒಂದು ಪತ್ರ ಬರೆಸಿಕೊಂಡೆ. ಬಾಯಿಮಾತಿನ "ಆಯ್ತು ಮೇಡಂ, ಮಾಡ್ಕೊಳಿ" ಎಂಬುದು ಟಿಆರ್‌ಪಿ ಚೆನ್ನಾಗಿರುವವರೆಗೆ ಮಾತ್ರ ನಡೆಯುತ್ತದೆ. ಟಿಆರ್‌ಪಿ ಬರುವ ಗುರುವಾರ ನಂಬರ್ ಬಿದ್ದರೆ ಎಲ್ಲರ ಮುಖವೂ ಬೇರೆಯಾಗುತ್ತದೆ.

ಆಮೇಲೆ ಗಂಟಲಿನ ಕೆಲಸ. ಚಿಕ್ಕಂದಿನಲ್ಲಿ ಸುಗಮ ಸಂಗೀತ ಕಲಿತಿದ್ದೆ, ಶಾಲೆಯಲ್ಲಿ ಭಾವಗೀತೆ ಸ್ಪರ್ಧೆಗೆಲ್ಲ ಹೋಗಿದ್ದೆ. ಆದರೆ ಶೆಡ್ಯೂಲ್‌ನಲ್ಲಿರುವ ನಟಿಯ ಗಂಟಲು ಬೇರೆಯದೇ ಸ್ಥಿತಿಯಲ್ಲಿರುತ್ತದೆ. ಬೆಳಿಗ್ಗೆ ಏಳಕ್ಕೆ ಮೇಕಪ್, ರಾತ್ರಿ ಒಂಬತ್ತಕ್ಕೆ ಪ್ಯಾಕಪ್. ಮಹಾಸಂಚಿಕೆ ಇದ್ದರೆ ಪ್ಯಾಕಪ್ ಯಾವಾಗ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅಳುವ ದೃಶ್ಯ, ಕಿರುಚುವ ದೃಶ್ಯ, ಮತ್ತೆ ಅದೇ ದೃಶ್ಯ ಕ್ಲೋಸ್‌ನಲ್ಲಿ. ಕಣ್ಣಿಗೆ ಗ್ಲಿಸರಿನ್ ಹಾಕಬಹುದು, ಗಂಟಲಿಗೆ ಹಾಕಲು ಏನೂ ಇಲ್ಲ. ನನಗೆ ಪಾಠ ಹೇಳಿದ ಮೇಡಂ ಮೊದಲು ಬಿಡಿಸಿದ್ದು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವನ್ನು. "ಕೆರೀಬೇಡ, ಒಂದು ಗುಟುಕು ನೀರು ಕುಡಿ, ನುಂಗು" ಎನ್ನುತ್ತಿದ್ದರು. ಆಮೇಲೆ ಕೊಟ್ಟದ್ದು ಒಂದು ಸ್ಟ್ರಾ. ಅದನ್ನು ಬಾಯಲ್ಲಿಟ್ಟು, ಅದರ ಮೂಲಕವೇ 'ಊ' ಎಂದು ಕೆಳಗಿನ ಸ್ವರದಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸುವುದು. ಸ್ಟ್ರಾದೊಳಗೆ ಉಸಿರಿಗೆ ತಡೆಯಾಗುವುದರಿಂದ ಹಿಂದಕ್ಕೆ ಒತ್ತುವ ಗಾಳಿ ಧ್ವನಿತಂತುಗಳ ಮೇಲಿನ ಬಡಿತವನ್ನು ಹಗುರ ಮಾಡುತ್ತದೆ. ಇದಕ್ಕೆ ಹಾರ್ಮೋನಿಯಂ ಬೇಡ, ಕೋಣೆ ಬೇಡ. ರಾಜರಾಜೇಶ್ವರಿ ನಗರದ ಶೂಟಿಂಗ್ ಮನೆಯ ಟೆರೇಸಿನಲ್ಲಿ, ಲೈಟಿಂಗ್ ಬದಲಿಸುವ ಹೊತ್ತಿನಲ್ಲಿ ಮಾಡಿ ಮುಗಿಸುತ್ತಿದ್ದೆ. ಸೆಟ್‌ನಲ್ಲಿರುವ ನಟಿಯರಿಗೆ, ಹಾಡದವರಿಗೂ, ನಾನು ಇದನ್ನು ಹೇಳಿಕೊಡುತ್ತೇನೆ.

ಶ್ರುತಿಯ ವಿಷಯದಲ್ಲಿ ಒಂದು ಮಾತು. ಸಂಗೀತ ಸಂಯೋಜಕರು ಕಳಿಸುವ ಸ್ಕ್ರ್ಯಾಚ್, ಅಂದರೆ ಹಾಡಿನ ಕಚ್ಚಾ ರೆಕಾರ್ಡಿಂಗ್, ಸಾಮಾನ್ಯವಾಗಿ ಅವರ ಗಂಟಲಿಗೆ, ಇಲ್ಲವೇ ಅವರ ತಲೆಯಲ್ಲಿರುವ ಯಾವುದೋ ಗಾಯಕಿಗೆ ಹೊಂದಿರುತ್ತದೆ. ಅದರ ಶ್ರುತಿಯನ್ನು ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆ, ಒಂದೂವರೆ ಮನೆ ಇಳಿಸಿಕೊಡಿ ಎಂದು ಕೇಳಲು ನಾಚಿಕೆಪಡಬೇಕಾಗಿಲ್ಲ. ಮೇಲಿನ ಷಡ್ಜ ಮುಟ್ಟಿದೆ ಎಂದು ಯಾರೂ ಪಾಪ್ ಹಾಡು ಕೇಳುವುದಿಲ್ಲ. ನನ್ನ ಹಾಡಿನ ಪಲ್ಲವಿ ನಾನು ಮಾತಾಡುವ ಸ್ಥಾಯಿಗೆ ತೀರ ಹತ್ತಿರದಲ್ಲಿದೆ, ಬೇಕೆಂದೇ ಹಾಗೆ ಇಟ್ಟುಕೊಂಡದ್ದು.

ಈಗ ಸ್ಟುಡಿಯೋ. ಶೂಟಿಂಗ್ ಮುಗಿಸಿ ನೇರ ಅಲ್ಲಿಗೇ ಹೋಗಿದ್ದೆ, ಜರಿ ಸೀರೆ, ಕೈತುಂಬ ಗಾಜಿನ ಬಳೆ, ಜುಮುಕಿ ಎಲ್ಲ ಹಾಗೇ ಇತ್ತು. ಹೆಡ್‌ಫೋನ್ ಹಾಕಿಕೊಂಡು ಒಂದು ಸಾಲು ಹಾಡಿದ್ದೇ ತಡ, ಎಂಜಿನಿಯರ್ ಗಾಜಿನಾಚೆಯಿಂದ ಕೈ ಎತ್ತಿದರು. ಸೀರೆಯ ಸೆರಗು ಸರಕ್ ಅಂದದ್ದೂ ಹಾಡಿನಷ್ಟೇ ಸ್ಪಷ್ಟವಾಗಿ ಟ್ರ್ಯಾಕಿನಲ್ಲಿ ಕೂತಿತ್ತು. ಸೆಟ್‌ನ ಗದ್ದಲದಲ್ಲಿ ಯಾರಿಗೂ ಕೇಳಿಸದ್ದೆಲ್ಲ ಇಲ್ಲಿನ ಸೂಕ್ಷ್ಮ ಕಂಡೆನ್ಸರ್ ಮೈಕಿಗೆ ಕೇಳಿಸುತ್ತದೆ. ಬಳೆ, ಜುಮುಕಿ ತೆಗೆದು, ಅಲ್ಲಿದ್ದ ಹುಡುಗಿಯೊಬ್ಬಳ ಕಾಟನ್ ಕುರ್ತಾ ಹಾಕಿಕೊಂಡು ಮತ್ತೆ ನಿಂತೆ. ಮೈಕಿನಿಂದ ಒಂದು ಗೇಣು ದೂರ, ಬಾಯಿ ಸ್ವಲ್ಪ ಪಕ್ಕಕ್ಕೆ. ಕನ್ನಡದಲ್ಲಿ 'ಭ', 'ಫ', 'ಪ' ಬಂದಾಗ ಗಾಳಿ ನೇರ ಮೈಕಿಗೆ ಹೊಡೆದು ಧಪ್ ಎನ್ನುತ್ತದೆ. ಮೈಕಿನ ಮುಂದೆ ಗಾಳಿ ತಡೆಯುವ ಪಾಪ್ ಫಿಲ್ಟರ್ ಇದ್ದರೂ ಪೂರ್ತಿ ನಿಲ್ಲುವುದಿಲ್ಲ, ನಾವೇ ಮುಖ ಒಂದಿಷ್ಟು ತಿರುಗಿಸಬೇಕು.

ಹಾಡುತ್ತಾ ಹೋದೆ. ಸ್ವರ ಸರಿ ಇತ್ತು, ತಾಳ ಸರಿ ಇತ್ತು, ಆದರೂ ಆ ಎಂಜಿನಿಯರ್‌ಗೆ ಸಮಾಧಾನವಿಲ್ಲ. ಕೊನೆಗೆ, "ಮೇಡಂ, ಇದನ್ನ ಹಾಡಬೇಡಿ. ಸುಮ್ನೆ ಹೇಳಿ. ಎದುರಿಗೆ ಅವನು ಕೂತಿದಾನೆ ಅಂದ್ಕೊಂಡು ಹೇಳಿ" ಎಂದರು. ಹೇಳಿದೆ. ಸೀನಿನಲ್ಲಿ ಹೇಳುವ ಹಾಗೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೋ ಅಲ್ಲೇ ತೆಗೆದುಕೊಂಡು, ಎಲ್ಲಿ ತಡೆಯುತ್ತೇನೋ ಅಲ್ಲೇ ತಡೆದು. "ಈಗ ಅದನ್ನೇ ಟ್ಯೂನ್ ಮೇಲೆ ಇಡಿ." ಆ ಟೇಕೇ ಹಾಡಿನಲ್ಲಿ ಉಳಿಯಿತು. ನಡುವೆ ತುಂಡು ತುಂಡಾಗಿ ಮತ್ತೆ ಹಾಡಿಸಿ ಪಂಚ್ ಮಾಡಲಿಲ್ಲ, ತಿದ್ದಲಿಲ್ಲ, ಅದೇ ಸಾಲನ್ನು ಇನ್ನೊಮ್ಮೆ ಹಾಡಿಸಿ ಡಬಲ್ ಮಾತ್ರ ಹಾಕಿದರು. ಭಾವಗೀತೆ ತರಗತಿಯಲ್ಲಿ ನಮ್ಮ ಮೇಷ್ಟ್ರು "ಮೊದಲು ಕವಿತೆ ಓದಿ, ಆಮೇಲೆ ಹಾಡಿ" ಎನ್ನುತ್ತಿದ್ದದ್ದೂ ಇದನ್ನೇ.

ಸಾಹಿತ್ಯ ಬರೆದವರು ನನ್ನ ಗೆಳತಿ. ಸಂಭಾಷಣೆ ಬರೆಯುವವಳು, ಹಾಗಾಗಿ ಆಡುಮಾತು ಕೈಹಿಡಿದಿದೆ. ಪಲ್ಲವಿಯ ಮೊದಲ ಸಾಲು "ಬಾಗಿಲ ಚಿಲಕ ಹಾಕಿಲ್ಲ ಇನ್ನೂ". ಟ್ಯೂನಿನಲ್ಲಿ ಎಳೆಯಬೇಕಾದ ಸ್ವರ 'ಚಿ' ಮೇಲೆ ಬಂದು, ಕೇಳುವವರಿಗೆ ಚೀಲವೇ ಕಣ್ಣಮುಂದೆ ಬರುತ್ತಿತ್ತು. ಇಂಗ್ಲಿಷ್ ಅಥವಾ ಹಿಂದಿ ಹಾಡಿನ ಅಚ್ಚಿನ ಮೇಲೆ ಕನ್ನಡ ಕೂರಿಸುವಾಗ ಎಲ್ಲರಿಗೂ ಎದುರಾಗುವ ತೊಡಕು ಇದು, ಲಘುವನ್ನು ಗುರು ಮಾಡಿದ ಕೂಡಲೇ ಅರ್ಥ ಕೆಡುತ್ತದೆ. ಸಂಯೋಜಕರು ಟ್ಯೂನ್ ಬದಲಿಸಲು ಮೊದಲು ಒಪ್ಪಲಿಲ್ಲ. ನಾನು, ಗೆಳತಿ ಇಬ್ಬರೂ ಕೂತು ಆ ಉದ್ದನೆಯ ಸ್ವರವನ್ನು 'ಇನ್ನೂ' ಮೇಲಕ್ಕೆ ತಳ್ಳಿ ಹಾಡಿ ತೋರಿಸಿದೆವು. ಅಲ್ಲಿ ದೀರ್ಘ ತಾನಾಗಿಯೇ ಇದೆ, ಕಾಯುವಿಕೆಯೂ ಅಲ್ಲೇ ಇದೆ. ಅವರೂ ಒಪ್ಪಿದರು. ಈಗ ಜನ ಗುನುಗುವುದು ಆ 'ಇನ್ನೂ' ಒಂದನ್ನೇ.

ಹಕ್ಕಿನ ವಿಷಯ ಬೇಸರದ್ದು, ಆದರೆ ಬಿಡುವಂತಿಲ್ಲ. ಕವಿಗಳ ಪದ್ಯ ಹಾಡೋಣ ಎಂದು ನಮಗೆಲ್ಲ ಆಸೆ ಇರುತ್ತದೆ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಆದ್ದರಿಂದ 2041ರವರೆಗೆ ಅನುಮತಿ ಬೇಕು. ಕುವೆಂಪು ಅವರದು 2054ರವರೆಗೆ. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದಗಳನ್ನು ಯಾರು ಬೇಕಾದರೂ ಹಾಡಬಹುದು, ಆದರೆ ಸಿ. ಅಶ್ವತ್ಥ್ ಅವರು ಅವಕ್ಕೆ ಹಾಕಿದ ರಾಗಸಂಯೋಜನೆ ಬೇರೆಯೇ ಒಂದು ಕೃತಿ. ಪದ ಉಚಿತ, ಅಶ್ವತ್ಥರ ಟ್ಯೂನ್ ಉಚಿತವಲ್ಲ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮಿನಲ್ಲಿ ಷರೀಫರ ಪದಗಳಿಗೆ ತಮ್ಮದೇ ಹೊಸ ರೂಪ ಕೊಟ್ಟರು. ಮಾಡಿದರೆ ಹಾಗೆ ಮಾಡಬೇಕು.

ಸ್ವಂತ ಹಾಡಾದರೆ, ರೆಕಾರ್ಡಿಂಗ್ ಯಾರದು, ಟ್ಯೂನ್ ಯಾರದು, ಸಾಹಿತ್ಯ ಯಾರದು ಎಂದು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿ. ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದವರಿಗೆ ಧ್ವನಿಮುದ್ರಣದ ಹಕ್ಕು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಮೇಲೆ ಸಾಹಿತಿ, ಸಂಯೋಜಕರ ರಾಯಲ್ಟಿ ಪಾಲು ಅವರ ಕೈಯಲ್ಲೇ ಉಳಿಯುತ್ತದೆ. ಅದನ್ನು ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಗೆ ಅವರು ಸದಸ್ಯರಾಗಬೇಕು, ಗಾಯಕರಿಗೆ ಅಂಥದ್ದೇ ಇಸಾಮ್ರಾ (ಮೊದಲಿನ ಐಎಸ್‌ಆರ್‌ಎ) ಇದೆ. ಗೆಳತಿ ಎಂದು ಬರೆಸದೆ ಬಿಟ್ಟರೆ ಗೆಳೆತನವೇ ಹೋಗುತ್ತದೆ. ನಾವು ಬರೆದುಕೊಂಡೆವು, ಇವತ್ತಿಗೂ ಒಟ್ಟಿಗೆ ಕೂತು ಊಟ ಮಾಡುತ್ತೇವೆ.

ಬಿಡುಗಡೆಯಲ್ಲಿ ನಾನು ಹಟ ಹಿಡಿದದ್ದು ಒಂದಕ್ಕೆ. ಹಾಡಿನ ಮುಖಪುಟದಲ್ಲಿ ನನ್ನ ಮುಖ ಬೇಡ. ಎಲ್ಲರೂ ಬೈದರು. ದಿನಾ ರಾತ್ರಿ ಮನೆಮನೆಗೆ ಬರುವ ಮುಖ ಬಿಟ್ಟು ಬಾಗಿಲಿನ ಚಿತ್ರ ಹಾಕುತ್ತೀಯಲ್ಲ, ಹುಚ್ಚಾ ಎಂದರು. ಆದರೆ ನನ್ನ ಮುಖ ನೋಡಿದ ಕೂಡಲೇ ಜನರಿಗೆ ನೆನಪಾಗುವುದು ಪಾತ್ರ. ದೇವಸ್ಥಾನದಲ್ಲಿ ಸಿಕ್ಕ ಅಜ್ಜಿಯೊಬ್ಬರು ನಿಜವಾದ ನೋವಿನಿಂದಲೇ, "ಗಂಡನ ಮನೇಲಿ ಅಷ್ಟು ಕಷ್ಟ ಇಟ್ಕೊಂಡು ಹಾಡು ಹೇಳ್ಕೊಂಡು ಓಡಾಡ್ತೀಯಲ್ಲೇ ತಾಯಿ" ಎಂದು ಕೇಳಿದ್ದರು. ಅವರ ಪ್ರೀತಿ ದೊಡ್ಡದು. ಆ ಪ್ರೀತಿ ಸಲ್ಲಬೇಕಾದದ್ದು ಆ ಸೊಸೆಗೆ. ಹಾಡಿನೊಳಗಿನ ಹೆಂಗಸು ಬೇರೆಯವಳು, ಅವಳನ್ನು ಜನ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಿತ್ತು. ಮೊದಲು ಧ್ವನಿ ಹೋಗಲಿ, ವಿಡಿಯೋ ಆಮೇಲೆ ಎಂದು ಪಟ್ಟು ಹಿಡಿದೆ. ಕೇಳಿದವರು ಕಡಿಮೆ, ಆದರೆ ಕೇಳಿದವರು ಪೂರ್ತಿ ಕೇಳಿದರು.

ಬಿಡುಗಡೆಗೆ ಮೂರು ನಾಲ್ಕು ವಾರ ಮೊದಲೇ, ಆ್ಯಪ್‌ಗಳಿಗೆ ಹಾಡು ತಲುಪಿಸುವ ವಿತರಕರಿಗೆ ಫೈಲ್ ಕೊಡಿ. ಸ್ಪಾಟಿಫೈ ಪ್ಲೇಲಿಸ್ಟಿಗೆ ಕೇಳಿಕೊಳ್ಳಲು ಕಡೇ ಪಕ್ಷ ಏಳು ದಿನ ಮುಂಚೆ ಹಾಡು ಅಲ್ಲಿರಬೇಕು. ಭಾಷೆ ಎಂಬಲ್ಲಿ ಕನ್ನಡ ಎಂದೇ ತುಂಬಿ, ಸಾಹಿತ್ಯ ಕನ್ನಡ ಲಿಪಿಯಲ್ಲೇ ಹಾಕಿ.

ದುಡ್ಡು ಸ್ಟ್ರೀಮಿಂಗ್‌ನಿಂದ ಬರುವುದಿಲ್ಲ, ಇದನ್ನು ಮುಚ್ಚಿಡುವುದು ಬೇಡ. ಅದು ಬರುವುದು ವೇದಿಕೆಯಿಂದ. ಗಣೇಶೋತ್ಸವ, ಅದಾದ ಮೇಲೆ ನವೆಂಬರ್ ಒಂದರಿಂದ ತಿಂಗಳು ಪೂರ್ತಿ ರಾಜ್ಯೋತ್ಸವ, ಹೊರದೇಶದ ಕನ್ನಡ ಸಂಘಗಳ ಕಾರ್ಯಕ್ರಮ. ಸಂಘಟಕರು ಕರೆಯುವುದು ಧಾರಾವಾಹಿಯ ಹೆಸರಿಗೇ. ಕುಣಿಯಿರಿ, ಎರಡು ಡೈಲಾಗ್ ಹೇಳಿ ಎನ್ನುತ್ತಾರೆ. ನಾನು ಡೈಲಾಗ್ ಹೇಳುತ್ತೇನೆ, ಅವರು ಬಂದದ್ದೇ ಅದಕ್ಕೆ. ಆದರೆ ಡೈಲಾಗ್ ಮುಗಿದ ಉಸಿರಿನಲ್ಲೇ ಪಲ್ಲವಿ ಎತ್ತಿಕೊಳ್ಳುತ್ತೇನೆ. ವಾದ್ಯ ಮಾತ್ರ ಇರಬೇಕಾದ ಮೈನಸ್ ಟ್ರ್ಯಾಕ್ ಹಿಂದೆ ನನ್ನದೇ ಧ್ವನಿ ಅಡಗಿಸಿ ಬಾಯಿ ಆಡಿಸುವುದಿಲ್ಲ, ಮೈಕ್ ಕೈಯಲ್ಲೇ ಇರುತ್ತದೆ, ಮೊದಲ ಸಾಲು ವಾದ್ಯವಿಲ್ಲದೆ ಬರಿಯ ಗಂಟಲಲ್ಲಿ. ಅದನ್ನು ಕೇಳಿದವರು "ಇವರೇ ಹಾಡಿದ್ದಾ" ಎಂದು ಮತ್ತೆ ಕೇಳುವುದಿಲ್ಲ, ಇನ್ನೊಂದು ಹಾಡು ಹಾಡಿ ಎನ್ನುತ್ತಾರೆ. ಅದಕ್ಕಾಗಿ ಎರಡನೆಯ ಹಾಡು ಈಗ ಮಿಕ್ಸಿಂಗ್‌ನಲ್ಲಿದೆ, ಮೂರನೆಯದರ ಚರಣ ಗೆಳತಿ ಬರೆಯುತ್ತಿದ್ದಾಳೆ. ಈ ಸಲ ಟ್ಯೂನಿಗೆ ಮೊದಲು ಸಾಹಿತ್ಯ.